ಅಕ್ಕನ ರಕ್ತದಲ್ಲಿದ್ದ ಝಿಂಕ್

1976ರಲ್ಲಿ ನಾನು ಸೊಲ್ಲಾಪುರದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ಓದಿದ್ದು ನಾಲ್ಕನೇ ಇಯತ್ತೆ. ರಕ್ತ ತುಂಬುವ ಗಾಜಿನ ಟ್ಯೂಬುಗಳನ್ನು ಆಸಿಡ್‌ನಲ್ಲಿ ನೆನೆಸಿ, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆದಿಡುವುದು ನನ್ನ ಕೆಲಸ.

ನಮ್ಮ ಡಾಕ್ಟರು ಬಹುಕಾಲದ ಸಕ್ಕರೆ ಕಾಯಿಲೆಯವರ ರಕ್ತದಲ್ಲಿ ಝಿಂಕ್, ತಾಮ್ರ ಎಷ್ಟಿವೆ ಎಂದು ನೋಡುತ್ತಿದ್ದರು. ಇವು ದೇಹದಲ್ಲಿ ಇರುವುದೇ ಚೂರು. ಈಗ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರಲ್ಲ, ಜೀವಕೋಶಗಳ ಆ ಸವೆತವನ್ನು ತಡೆಯಲು ಇವು ಬೇಕಂತೆ. ಆಗ ನನಗೆ ತಿಳಿದಿದ್ದು ಇಷ್ಟೇ: ಝಿಂಕ್ ಕಡಿಮೆಯಾದರೆ ಗಾಯ ಬೇಗ ಮಾಯುವುದಿಲ್ಲ. ಕಡಿಮೆ ಇದ್ದವರಿಗೆ ಡಾಕ್ಟರು ಅದರ ಗುಳಿಗೆ ಕೊಡುತ್ತಿದ್ದರು.

ಅಕ್ಕಲಕೋಟಕ್ಕೆ ಕೊಟ್ಟಿದ್ದ ನನ್ನ ಅಕ್ಕ ಗಂಗವ್ವನಿಗೂ ಬಹುಕಾಲದ ಸಕ್ಕರೆ ಕಾಯಿಲೆ. ಆಕೆಯ ಅಂಗಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯದೆ ಉಳಿದಿತ್ತು. ಆಕೆ ನಡೆಯಲಾರಳು. ರಕ್ತ ತೆಗೆಯಲು ಕಲಿತಿದ್ದ ನನ್ನನ್ನೇ ಡಾಕ್ಟರು ಕಳುಹಿಸಿದರು.

ಆ ಮನೆಯಲ್ಲಿ ಆಸ್ಪತ್ರೆಯ ಯಾವ ವಸ್ತುವೂ ತೊಳೆಯದೆ ಹೊಸ್ತಿಲು ದಾಟುವಂತಿರಲಿಲ್ಲ. ನಾನು ಚಪ್ಪಲಿ ಬಿಡುವಷ್ಟರಲ್ಲಿ ಅಕ್ಕನ ಅತ್ತೆ ಟ್ಯೂಬನ್ನು ಅಂಗಳದ ತಗಡಿನ ಬಕೆಟಿನಲ್ಲಿ ಅದ್ದಿ ತೆಗೆದಿದ್ದರು. ಆ ಬಕೆಟಿಗೆ ಸತುವಿನ ಲೇಪ. ಸತುವೆಂದರೆ ಝಿಂಕೇ; ಅದರ ನೀರು ಟ್ಯೂಬಿಗೆ ಹತ್ತಿದರೆ ರಕ್ತದಲ್ಲಿ ಇಲ್ಲದ ಝಿಂಕೂ ಲೆಕ್ಕಕ್ಕೆ ಬರುತ್ತದೆ.

“ಅದನ್ನ ತೊಳೀಬಾರದರಿ ಅತ್ತಿ,” ಎಂದೆ.

“ನಾಕನೇ ಇಯತ್ತೆ ಕಲ್ತು ನನಗ ಸ್ವಚ್ಛ ಕಲಸ್ತಿಯೇನೋ ತಮ್ಮಾ? ಯಾರ್ಯಾರ ರಗತ ಹಾಕಿದ್ರೋ ಏನೋ ಅದರಾಗ!”

ಎಲ್ಲರೂ ನಕ್ಕರು. ನಾನೂ ನಕ್ಕೆ. ಬೇರೆ ಟ್ಯೂಬು ತಂದಿರಲಿಲ್ಲ. ಅದರಲ್ಲೇ ರಕ್ತ ತುಂಬಿಕೊಂಡು ಬಸ್ ಹತ್ತಿದೆ.

ಝಿಂಕ್ ಅಳೆಯಲು ರಕ್ತವನ್ನು ಪುಣೆಯ ದೊಡ್ಡ ಲ್ಯಾಬಿಗೆ ಕಳುಹಿಸುತ್ತಿದ್ದೆವು. ಅಲ್ಲಿಂದ ವರದಿ ಬಂತು: ಝಿಂಕ್ ಸಾಕಷ್ಟಿದೆ. ಡಾಕ್ಟರಿಗೆ ನಂಬಿಕೆ ಬರಲಿಲ್ಲ.

“ಬಸಪ್ಪಾ, ಟ್ಯೂಬಿಗೆ ಏನರ ಹತ್ತಿತ್ತೇನೋ? ಖರೆ ಹೇಳು.”

ಹಿಂದಿನ ತಿಂಗಳಷ್ಟೇ ಟ್ಯೂಬು ಸರಿಯಾಗಿ ತೊಳೆಯದೆ ಬೈಸಿಕೊಂಡಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

“ಇಲ್ರಿ ಸಾಹೇಬ್ರ,” ಎಂದೆ.

ಅಕ್ಕನಿಗೆ ಗುಳಿಗೆ ಸಿಗಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹುಣ್ಣು ಕೊಳೆತು, ಆಕೆಯನ್ನು ನಮ್ಮ ಆಸ್ಪತ್ರೆಗೇ ತಂದರು. ಆಪರೇಷನ್ನಿಗೆ ಮೊದಲು ಡಾಕ್ಟರು ಮತ್ತೊಮ್ಮೆ ರಕ್ತ ತೆಗೆದು ಪುಣೆಗೆ ಕಳುಹಿಸಿದರು. ಅಕ್ಕ ವಾರ್ಡಿನ ಹೆಂಗಸರಿಗೆ ಹೇಳುತ್ತಿದ್ದಳು: “ಇಂವಾ ನನ್ನ ತಮ್ಮ. ನನ್ನ ರಗತ ಇವನೇ ತಪಾಸ ಮಾಡಿಸ್ಯಾನ. ನನಗೇನ ಅಂಜಿಕಿಲ್ಲ.”

ಪಾದ ಕತ್ತರಿಸಿದರು. ಆಮೇಲೆ ಬಂದ ವರದಿಯಲ್ಲಿ ಝಿಂಕ್ ತೀರಾ ಕಡಿಮೆ ಇತ್ತು.

“ಗುಳಿಗಿ ಕೊಟ್ಟಿದ್ರ ಕಾಲು ಉಳೀತಿತ್ತೇನ್ರಿ?” ಎಂದು ಕೇಳಿದೆ.

“ಖಾತ್ರಿ ಇಲ್ಲಪಾ,” ಎಂದರು ಡಾಕ್ಟರು. “ಆದ್ರ ಕೊಟ್ಟು ನೋಡಬೇಕಿತ್ತು.”

ಆಗಲೂ ನಾನು ಬಾಯಿ ಬಿಡಲಿಲ್ಲ.

ಸಂಶಯವಿದ್ದ ಮಾದರಿಯನ್ನು ಚೆಲ್ಲಬೇಕು, ನಾಚಿಕೆ ಬಿಟ್ಟು ಎರಡನೆಯ ಸಲ ರಕ್ತ ಕೇಳಬೇಕು. ನಿವೃತ್ತಿಯವರೆಗೂ ಹಾಗೇ ಮಾಡಿದೆ, ಹೊಸಬರಿಗೂ ಅದನ್ನೇ ಕಲಿಸಿದೆ. ಪ್ರಾಮಾಣಿಕ ಮನುಷ್ಯ ಎಂಬ ಹೆಸರು ಬಂತು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅಕ್ಕ ಹಿಗ್ಗುತ್ತಿದ್ದಳು. ಆಕೆ ಸಾಯುವವರೆಗೂ ನಾನು ಹೇಳಲಿಲ್ಲ.