ಹಿಂದ ಬಾ ಎನ್ನುತ್ತಿದ್ದ ಇನಾಸ ಮಾಸ್ತರರು

ಇನಾಸ ಮಾಸ್ತರರು ಫುಟ್‌ಬಾಲ್ ಪಂದ್ಯ ನೋಡುವಾಗ ಎದುರಾಳಿಯ ಗೋಲಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಮೈದಾನದ ಗೆರೆಯಾಚೆ ಕೆಂಪು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಅದನ್ನು ಅಲುಗಾಡಿಸಿ ನೆಲಕ್ಕೆ ಊರಿ, ನಮ್ಮ ಗೋಲಿನ ಕಡೆಗೆ ಮುಖ ತಿರುಗಿಸಿಬಿಟ್ಟರೆ ಮುಗಿಯಿತು. ಆ ಕಡೆ ಏನು ನಡೆಯುತ್ತಿದೆ ಎಂಬ ಗೊಡವೆಯೇ ಅವರಿಗಿರಲಿಲ್ಲ. ಅಪರೂಪಕ್ಕೆ ನಮ್ಮವನೊಬ್ಬ ಚೆಂಡು ಹಿಡಿದು ಅತ್ತ ನುಗ್ಗಿ, ಜನ ಹೋ ಎಂದು ಎದ್ದು ನಿಂತರೂ ಮಾಸ್ತರರ ಕತ್ತು ಹೊರಳುತ್ತಿರಲಿಲ್ಲ. ಅದನ್ನು ಮೊದಲ ಸಲ ಕಂಡಾಗ ನನಗೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಹತ್ತಿರ ಹೋಗಿ ಕೇಳಿಯೇಬಿಟ್ಟೆ.

"ಮಾಸ್ತರ, ಆ ಕಡೆ ಒಮ್ಮೆರೆ ನೋಡ್ರಲ್ಲ."

"ಆ ಕಡೆ ಆಗೂದು ಖುಷಿ ರೀ ಪ್ರಕಾಶ. ಖುಷಿ ಎಲ್ಲಾರಿಗೂ ಕಾಣತೈತಿ. ಹಾನಿ ಆಗೂದು ಈ ಕಡೆ. ಅದನ್ನ ನೋಡ್ಕೋತ ಒಬ್ಬರೆ ಕೂಡಬೇಕಲ್ಲ?"

ನಾನು ದಾಂಡೇಲಿಯ ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಭಾನುವಾರ ಬಂದರೆ ಅಂಗಡಿಯ ಬಾಗಿಲು ಎಳೆದು ಮೈದಾನಕ್ಕೆ ಹೋಗಿ ಮೈಕ್ ಹಿಡಿಯುತ್ತೇನೆ. ಪಂದ್ಯದ ವಿವರಣೆ ಕೊಡುವುದೆಂದರೆ ನನಗೆ ಹುಚ್ಚು. ಮಾಸ್ತರರು ಬಂದ ಮೇಲೆ ಆ ಹುಚ್ಚಿಗೆ ಮದ್ದು ಸಿಕ್ಕಂತಾಯಿತು. "ಚೆಂಡು ಹಿಂದಕ್ಕೆ... ಇನ್ನೂ ಹಿಂದಕ್ಕೆ... ಈಗ ಗೋಲ್‌ಕೀಪರ್ ಕೈಯಲ್ಲಿ" ಎಂದು ತೊಂಬತ್ತು ನಿಮಿಷ ಹೇಳುತ್ತಿದ್ದರೆ ಯಾರ ಹುಚ್ಚು ಉಳಿದೀತು?

ಅವರು ಜೋಯಿಡಾ ಕಡೆಯ ಸಿದ್ದಿ ಕುಟುಂಬದವರು. ಹರೆಯದಲ್ಲಿ ಗೋವೆಯ ತಂಡಗಳಲ್ಲಿ ಆಡಿ, ಆಮೇಲೆ ಅಲ್ಲೇ ಒಂದು ಶಾಲೆಯಲ್ಲಿ ಆಟದ ಮಾಸ್ತರರಾಗಿದ್ದು ನಿವೃತ್ತರಾಗಿದ್ದರು. ಮಗಳು ದಾಂಡೇಲಿಯಲ್ಲಿ ನರ್ಸ್. ಅವಳ ಮನೆಗೆ ಬಂದಿದ್ದವರನ್ನು ನಮ್ಮ ತಂಡದ ಕಮಿಟಿಯವರು ಹೋಗಿ ಕೋಚ್ ಆಗಿ ಎಂದು ಕೇಳಿಕೊಂಡರು. ಎತ್ತರದ ಆಳು, ನೆರೆತ ಗುಂಗುರು ಕೂದಲು, ಬೂಟಿನ ಲೇಸಿಗೆ ಕಟ್ಟಿ ಕೊರಳಿಗೆ ಹಾಕಿಕೊಂಡ ಸೀಟಿ. ಬಲಗಾಲು ಪೂರ್ತಿ ಮಡಚುತ್ತಿರಲಿಲ್ಲ. ಕೂತಾಗ ಅದು ಅಡ್ಡಗಟ್ಟಿದ ಬಿದಿರಿನ ಹಾಗೆ ಮುಂದಕ್ಕೆ ಚಾಚಿಕೊಂಡೇ ಇರುತ್ತಿತ್ತು.

ಅವರು ಬರುವ ಮೊದಲು ನಮ್ಮ ತಂಡದ ಸ್ಥಿತಿ ಹೇಳಿಕೊಳ್ಳುವಂತಿರಲಿಲ್ಲ. ಹಳಿಯಾಳಕ್ಕೆ ಹೋದರೂ ಸೋಲು, ಮುಂಡಗೋಡಕ್ಕೆ ಹೋದರೂ ಸೋಲು, ಅದೂ ಮೈಕಿನಲ್ಲಿ ಹೇಳಲು ನಾಚಿಕೆಯಾಗುವಷ್ಟು ಗೋಲುಗಳಿಂದ. ಮಾಸ್ತರರು ಬಂದವರೇ ಹತ್ತೂ ಜನರನ್ನು ನಮ್ಮ ಗೋಲಿನ ಮುಂದೆ ಬೇಲಿ ಹಾಕಿದಂತೆ ನಿಲ್ಲಿಸಿದರು. ಸೋಲು ನಿಂತಿತು. ಊರಿಗೆ ಊರೇ ಹಿಗ್ಗಿತು. ಆದರೆ ಸೋಲಿನ ಜೊತೆ ಗೆಲುವೂ ನಿಂತಿತ್ತು. ವಾರವಾರವೂ ಸೊನ್ನೆಗೆ ಸೊನ್ನೆ. ಡೇವಿಡ್ ಎಂಬ ಹುಡುಗನಿದ್ದ ನಮ್ಮಲ್ಲಿ, ಜಿಂಕೆಯಂತೆ ಓಡುವವನು, ಗೋಲು ಹೊಡೆಯುವುದಕ್ಕೇ ಹುಟ್ಟಿದವನು. ಅವನು ನಡುಗೆರೆ ದಾಟಿದರೆ ಸಾಕು, ಕುರ್ಚಿಯಿಂದ ಕೂಗು ಬರುತ್ತಿತ್ತು: "ಹಿಂದ ಬಾ!"

ಇನ್ನೊಂದು ವಿಚಿತ್ರ. ಪಂದ್ಯಕ್ಕೆ ಮೊದಲು ಎದುರು ತಂಡದವರು ಬೆವರು ಸುರಿಯುವಂತೆ ಓಡಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರೆ, ನಮ್ಮವರನ್ನು ಮಾಸ್ತರರು ಮರದ ನೆರಳಲ್ಲಿ ಮಲಗಿಸುತ್ತಿದ್ದರು. ಬಾಳೆಹಣ್ಣು ತಿನ್ನಿಸಿ, ಕಣ್ಣು ಮುಚ್ಚಿಸಿ, ತಾವು ಪಕ್ಕದಲ್ಲಿ ನಿಂತು ಮಾತಾಡಿದವರನ್ನೆಲ್ಲ ಗದರುತ್ತಿದ್ದರು. ಜನ ಇದನ್ನೂ ಆಡಿಕೊಂಡು ನಕ್ಕರು.

ಮೈದಾನದ ಗೇಟಿನಲ್ಲಿ ಭಜಿ ಕರಿಯುತ್ತಿದ್ದ ರಜಿಯಾ ಮೌಶಿ ಎಲ್ಲರಿಗಿಂತ ಜೋರು. ಆಕೆಯ ಮಗ ಸಲೀಂನೇ ನಮ್ಮ ಗೋಲ್‌ಕೀಪರ್. ಆದರೂ ಮಾಸ್ತರರಿಗೆ ಕೇಳುವಂತೆ ಬೈಯುತ್ತಿದ್ದಳು. "ಏ ಪ್ರಕಾಶ, ಇದೇನ್ ಫುಟ್ಬಾಲೋ, ಶೋಕಸಭಾನೋ? ಎಣ್ಣಿ ಕಾಯೂದ್ರಾಗ ಮಂದಿ ಎದ್ದು ಮನೀಗೆ ಹೊಂಟಾರಲ್ಲೋ!" ಮಾಸ್ತರರು ಅವಳ ಹತ್ತಿರವೇ ಹೋಗಿ ಮೆಣಸಿನಕಾಯಿ ಭಜಿ ತಿನ್ನುತ್ತ, "ಮೌಶಿ, ನಿಮ್ಮ ಮಗಾ ಇವತ್ತೂ ಒಂದೂ ಗೋಲು ಬಿಡಲಿಲ್ಲ ನೋಡ್ರಿ" ಎನ್ನುತ್ತಿದ್ದರು. ಆಗ ಅವಳ ಬಾಯಿ ಕಟ್ಟುತ್ತಿತ್ತು. ಆದರೆ ಆ ಭಜಿ ಮುಗಿಯುವತನಕ ಮಾತ್ರ.

ಒಂದು ಭಾನುವಾರ ನಾನು ಮೈಕ್ ಸರಿಮಾಡಿಕೊಂಡು ತಲೆ ಎತ್ತಿದರೆ, ಪ್ರೇಕ್ಷಕರು ಒಬ್ಬೊಬ್ಬರೇ ಚಾಪೆ, ತಲೆದಿಂಬು ಹಿಡಿದು ಬರುತ್ತಿದ್ದಾರೆ! ಬಂಗೂರನಗರದ ಕಡೆಯಿಂದ ಒಂದು ಗುಂಪಂತೂ ಹಾಸಿಗೆಯನ್ನೇ ಹೊತ್ತು ತಂದಿತ್ತು. ಸೀಟಿ ಊದಿದ ಕೂಡಲೇ ಎಲ್ಲರೂ ಚಾಪೆ ಬಿಡಿಸಿ ಸಾಲಾಗಿ ಮಲಗಿಬಿಟ್ಟರು. ಬೇಕೆಂದೇ ಗೊರಕೆ ಹೊಡೆದರು. ಎದುರು ತಂಡದವರು ಆಟ ಬಿಟ್ಟು ನಗುತ್ತ ನಿಂತರು. ನನಗೆ ದಿಗಿಲಾಯಿತು. ಮಾಸ್ತರರು ಸಿಟ್ಟಿಗೆದ್ದು ಹೊರಟೇ ಹೋಗುತ್ತಾರೆ ಎಂದುಕೊಂಡೆ. ಅವರು ಆಟ ಮುಗಿಯುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಮುಗಿದ ಮೇಲೆ ಕುಂಟುತ್ತ ಬಂದು, ಯಾರೋ ಬಿಟ್ಟುಹೋಗಿದ್ದ ದಿಂಬನ್ನು ಎತ್ತಿ, ಧೂಳು ಕೊಡವಿ ಕಮಿಟಿಯವರ ಕೈಗೆ ಕೊಟ್ಟು ಹೇಳಿದರು: "ಮುಂದಿನ ವಾರ ಹೊದಿಕೀನೂ ತರಾಕ ಹೇಳ್ರಿ. ಥಂಡಿ ಭಾಳ ಐತಿ."

ಹೀಗೆ ಸೊನ್ನೆಗಳನ್ನೇ ಪೋಣಿಸಿಕೊಂಡು, ಆ ವರ್ಷದ ಟೂರ್ನಿಯ ಸೆಮಿಫೈನಲ್ಲನ್ನು ಟೈಬ್ರೇಕರಿನಲ್ಲಿ ಗೆದ್ದು, ನಾವು ಫೈನಲ್ ತಲುಪಿದೆವು. ಪೆನಾಲ್ಟಿ ತಡೆಯುವುದರಲ್ಲಿ ಸಲೀಂನನ್ನು ಮೀರಿಸುವವರು ನಮ್ಮ ಸುತ್ತಮುತ್ತ ಇರಲಿಲ್ಲ. ಮಾಸ್ತರರ ಲೆಕ್ಕಾಚಾರವೂ ಅದೇ. ಪಂದ್ಯವನ್ನು ಹೇಗಾದರೂ ಸೊನ್ನೆಯಲ್ಲಿ ಉಳಿಸುವುದು, ಉಳಿದದ್ದು ಸಲೀಂನ ಕೈಯಲ್ಲಿ.

ಫೈನಲ್ ಮುಂಡಗೋಡದಲ್ಲಿ. ಅಲ್ಲಿಯ ಮೈಕ್ ಅಲ್ಲಿಯವರದು, ಹಾಗಾಗಿ ನಾನು ಆ ದಿನ ಬರೀ ಪ್ರೇಕ್ಷಕ. ಟೆಂಪೋಗಳಲ್ಲಿ ಬಂದಿದ್ದ ನಮ್ಮೂರಿನ ಜನರ ನಡುವೆ ನಿಂತಿದ್ದೆ. ಪಕ್ಕದಲ್ಲಿ ರಜಿಯಾ ಮೌಶಿ. ನಮ್ಮವರು ಡೋಲು, ತಾಸೆ ತಂದಿದ್ದರು. ಬಾರಿಸುವಂಥದ್ದು ಏನೂ ನಡೆಯದೆ ಅವನ್ನು ಕಾಲ ಬಳಿ ಇಟ್ಟುಕೊಂಡು ಗೊಣಗುತ್ತಿದ್ದರು.

ಎರಡನೇ ಅರ್ಧ ಮುಗಿಯುತ್ತ ಬಂದಿತ್ತು. ಆಗ ಡೇವಿಡ್‌ಗೆ ಚೆಂಡು ಸಿಕ್ಕಿತು. ಮುಂಡಗೋಡದವರೆಲ್ಲ ನಮ್ಮ ಗೋಲಿನ ಹತ್ತಿರ ಮುಗಿಬಿದ್ದಿದ್ದರಿಂದ ಅವನ ಮುಂದೆ ಖಾಲಿ ಬಯಲು, ದೂರದಲ್ಲಿ ಒಬ್ಬನೇ ಗೋಲ್‌ಕೀಪರ್. ಡೇವಿಡ್ ಓಡಿದ. ನಾವೆಲ್ಲ ಎದ್ದು ನಿಂತೆವು. ಡೋಲಿಗೆ ಕೋಲು ಬಿತ್ತು.

"ಹಿಂದ ಬಾ!"

ಡೇವಿಡ್ ನಿಂತ. ಹೌದು, ನಿಂತುಬಿಟ್ಟ. ಮಾಸ್ತರರ ಕಡೆಗೊಮ್ಮೆ, ಗೋಲಿನ ಕಡೆಗೊಮ್ಮೆ ನೋಡಿ, ಚೆಂಡನ್ನು ಹಿಂದಕ್ಕೆ ಒದ್ದ. ನಾನು ಎಷ್ಟೋ ಪಂದ್ಯ ನೋಡಿದ್ದೇನೆ, ಅಂಥದ್ದನ್ನು ನೋಡಿರಲಿಲ್ಲ. ಒದ್ದ ಚೆಂಡು ನಮ್ಮವರನ್ನು ಮುಟ್ಟಲಿಲ್ಲ. ನಡುವೆಯೇ ಅದನ್ನು ಹಿಡಿದ ಮುಂಡಗೋಡದ ಹುಡುಗ ಸಲೀಂನನ್ನು ದಾಟಿಸಿ ಬಲೆಯೊಳಗೆ ಹೊಡೆದ.

ಆಮೇಲೆ ಚಪ್ಪಾಳೆ ಶುರುವಾಯಿತು. ಮುಂಡಗೋಡದವರದಲ್ಲ, ನಮ್ಮವರದು! ನನ್ನ ಹಿಂದಿನಿಂದ, ಎಡದಿಂದ, ಬಲದಿಂದ. ಸೀಟಿ ಹೊಡೆದರು, ಡೋಲು ಬಾರಿಸಿದರು, ನಮ್ಮ ಬಾವುಟವನ್ನೇ ಬೀಸಿ ಕುಣಿದರು. "ಕಡೀಕೂ ಒಂದ ಗೋಲ ನೋಡಿದ್ವಲೇ!" ಎಂದು ಒಬ್ಬ ಅರಚಿದ. ಊರವರೇ ಊರ ಸೋಲಿಗೆ ಕುಣಿಯುವುದನ್ನು ನಾನು ಎಂದೂ ಕಲ್ಪಿಸಿಕೊಂಡಿರಲಿಲ್ಲ.

ಅದಕ್ಕಿಂತ ಘೋರವಾದದ್ದು ಆಮೇಲೆ ನಡೆದದ್ದು. ನೆಲಕ್ಕೆ ಬಿದ್ದಿದ್ದ ಸಲೀಂ ನಮ್ಮ ಕಡೆಯ ಸಂಭ್ರಮ ಕೇಳಿ ತಲೆ ಎತ್ತಿದ. ಗೋಲು ರದ್ದಾಗಿದೆ ಎಂದೇ ತಿಳಿದ ಪಾಪ. ಮುಖವರಳಿಸಿ ನಗುತ್ತ ಎದ್ದ. ಎರಡೂ ಕೈ ಎತ್ತಿ ನಮ್ಮ ಕಡೆಗೆ ಬೀಸಿದ. ಅತ್ತ ಮುಂಡಗೋಡದವರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಕುಣಿಯುತ್ತಿದ್ದುದು ಆಮೇಲೆ ಅವನ ಕಣ್ಣಿಗೆ ಬಿತ್ತು. ಎತ್ತಿದ ಕೈ ಹಾಗೆಯೇ ನಿಂತಿತು. ಮತ್ತೆ ನಮ್ಮನ್ನು ನೋಡಿದ. ರಜಿಯಾ ಮೌಶಿ "ಯಾ ಅಲ್ಲಾ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಲೀಂ ಗ್ಲೌಸ್ ಬಿಚ್ಚಿ ಗೋಲಿನ ಗೆರೆಯ ಮೇಲಿಟ್ಟು, ಯಾರ ಮಾತನ್ನೂ ಕೇಳದೆ ಮೈದಾನದಿಂದ ಹೊರಗೆ ನಡೆದ.

ಮಾಸ್ತರರು ಕುರ್ಚಿಯಿಂದ ಎದ್ದು ನಮ್ಮ ಬಳಿ ಬಂದರು. ಡೋಲು ತಾನಾಗಿ ನಿಂತಿತು.

"ನನಗ ಬೈರಿ, ಕಲ್ಲು ಹೊಡೀರಿ, ನಾ ನಿಂತೇನಿ. ಆ ಹುಡುಗ ನಿಮ್ಮವ ರೀ. ಅವನ ಮುಂದ ಹೆಂಗ ಕುಣದ್ರಿ?"

ಡೋಲಿನವನು ಕೋಲನ್ನು ಬೆನ್ನ ಹಿಂದೆ ಮರೆಮಾಡಿಕೊಂಡ. ಉಳಿದ ಆಟ ಹೇಗೋ ಮುಗಿಯಿತು. ಮರುದಿನವೇ ಮಾಸ್ತರರು ತಂಡ ಬಿಟ್ಟು ಜೋಯಿಡಾ ಕಡೆಯ ತಮ್ಮ ಹಳ್ಳಿಗೆ ಹೊರಟುಹೋದರು.

ಕಮಿಟಿಯವರು ಹೊಸ ಕೋಚ್‌ನನ್ನು ತಂದರು. ಬರೀ ಆಕ್ರಮಣ, ಎಲ್ಲರೂ ಮುಂದೆ ಎಂದ ಅವನು. ಜನ ಕಿಕ್ಕಿರಿದು ಬಂದರು, ನಾನೂ ಗಂಟಲು ಹರಿಯುವಂತೆ ಕೂಗಿದೆ. ವಿರಾಮದ ಹೊತ್ತಿಗೆ ನಮ್ಮ ಇಬ್ಬರು ಹುಡುಗರು ಗೆರೆಯ ಪಕ್ಕ ಕೂತು ವಾಂತಿ ಮಾಡಿಕೊಳ್ಳುತ್ತಿದ್ದರು. ಎರಡನೇ ಅರ್ಧದಲ್ಲಿ ಯಾರ ಕಾಲೂ ಏಳಲಿಲ್ಲ. ನಮಗೆ ಗೋಲಿನ ಮೇಲೆ ಗೋಲು ಬಿತ್ತು. ಮುಂದಿನ ವಾರವೂ ಅಷ್ಟೇ. ಕೊನೆಗೆ ಕಮಿಟಿಯವರು ನನ್ನ ಅಂಗಡಿಗೆ ಬಂದು, ಮಾಸ್ತರರನ್ನು ಕರೆದುಕೊಂಡು ಬಾ ಎಂದರು.

ಜೋಯಿಡಾ ದಾಟಿ ಅಣಶಿಯ ದಾರಿಯಲ್ಲಿ ಬಸ್ಸಿಳಿದು ವಿಚಾರಿಸಿದಾಗ ಶಾಲೆಯ ಬಯಲಿನಲ್ಲಿದ್ದಾರೆ ಎಂದರು. ಹೋಗಿ ನೋಡಿದರೆ ಹೈಸ್ಕೂಲಿನ ಹುಡುಗಿಯರು ಎರಡು ತಂಡ ಮಾಡಿಕೊಂಡು ಆಡುತ್ತಿದ್ದಾರೆ. ಮಾಸ್ತರರು ಮಡಚದ ಕಾಲನ್ನು ಎಳೆದುಕೊಂಡು ಗೆರೆಯುದ್ದಕ್ಕೂ ಓಡುತ್ತ, ಕೈ ಬೀಸುತ್ತ ಕೂಗುತ್ತಿದ್ದಾರೆ: "ಮುಂದ ಹೋಗ! ಇನ್ನೂ ಮುಂದ!"

ನಾನು ಬೇಲಿ ಹಿಡಿದು ನಿಂತುಬಿಟ್ಟೆ. ಅವರೇ ನನ್ನನ್ನು ಕಂಡು ಬಂದರು.

"ಇದೇನ್ರಿ ಮಾಸ್ತರ? ನಮಗ ಹಿಂದ ಬಾ, ಹಿಂದ ಬಾ ಅಂದು ಜೀವಾ ತಿಂದವರು..."

"ಇವಕ್ಕ ದಮ್ಮ ಐತಿ ರೀ. ದಿನಾ ಗುಡ್ಡ ಹತ್ತಿ ಇಳದು ಸಾಲಿಗೆ ಬರ್ತಾವು. ನಿಮ್ಮ ಹುಡುಗ್ರು ಪೇಪರ್ ಮಿಲ್ಲಿನ್ಯಾಗ ರಾತ್ರಿ ಪಾಳಿ ಮುಗಿಸಿ ನಿದ್ದಿಗಣ್ಣಾಗ ಬೂಟು ಕಟ್ಟಿಕೊಂಡ ಬರ್ತಿದ್ರು. ಅರ್ಧ ತಾಸ ಓಡಿದ್ರ ಮುಗೀತು. ಅವರನ್ನ ಬಯಲಿಗೆ ಬಿಟ್ಟು ಏನ ಮಾಡ್ಲಿ?"

ನೆರಳಲ್ಲಿ ಮಲಗಿಸುತ್ತಿದ್ದುದು ಏಕೆಂದು ಆಗ ಹೊಳೆಯಿತು. "ಇದನ್ನ ಒಮ್ಮೆರೆ ಹೇಳಬೇಕಿತ್ತಲ್ರಿ!" ಎಂದೆ.

"ನಿಮಗ ಹೇಳಿದ್ರ ಮೈಕಿನ್ಯಾಗ ಹೇಳ್ತಿದ್ರಿ." ನಕ್ಕರು. ಆಮೇಲೆ ನಗು ಇಳಿಯಿತು. "ವಯಸ್ಸಿಗೆ ಬಂದ ಹುಡುಗ್ರಿಗೆ ಊರ ಮುಂದ ನಿಮಗ ಓಡಾಕ ಆಗೂದಿಲ್ಲ ಅಂತ ಹೆಂಗ ಅನ್ನೂದು? ನನ್ನ ಅಂಜುಬುರುಕ ಅಂದ್ರ ಅನ್ನಲಿ ಅಂತ ಸುಮ್ನಿದ್ದೆ. ಆದರ ಡೇವಿಡ್ ವಿಷಯದಾಗ ನಾನ ತಪ್ಪಿದೆ. ಆ ದಿನಾ ಅವನ ಕಾಲಾಗ ಕಸುವಿತ್ತು. ನಾ ತಿರುಗಿ ನೋಡಲಿಲ್ಲ. ಮಂದಿ ಚೀರಿದ್ದು ಕೇಳಿ, ರೂಢಿ ಬಿದ್ದದ್ದನ್ನ ಒದರಿದೆ."

ಕಮಿಟಿಯವರ ಮಾತು ಹೇಳಿದೆ. ಬರುವುದಿಲ್ಲ ಎಂದರು. ನಾನು ಇನ್ನೊಮ್ಮೆ ಕೇಳುವ ಮೊದಲೇ ಅವರೇ ಕೇಳಿದರು, "ಸಲೀಂ ಹೆಂಗ ಅದಾನ?"

"ಆಡೂದು ಬಿಟ್ಟಾನ್ರಿ. ಪಾಳಿಗೆ ಹೋಗ್ತಾನ, ಬರ್ತಾನ. ಮೈದಾನದ ರಸ್ತೇಲೆ ಹಾಯೂದಿಲ್ಲ. ಅವ್ವನ ಭಜಿ ಅಂಗಡಿಗೂ ಬರೂದಿಲ್ಲ."

ಮಾಸ್ತರರು ಅಲ್ಲೇ ಕಲ್ಲಿನ ಮೇಲೆ ಕೂತರು. ಹುಡುಗಿಯರು ಕರೆದರೂ ಬಹಳ ಹೊತ್ತು ಏಳಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅವರು ನನ್ನ ಅಂಗಡಿಯ ಮುಂದೆ ನಿಂತಿದ್ದರು. ಸಲೀಂನ ಮನೆ ತೋರಿಸು ಎಂದರು. ರಜಿಯಾ ಮೌಶಿ ಬಾಗಿಲು ತೆಗೆದು, ಅವರನ್ನು ನೋಡಿ ತಬ್ಬಿಬ್ಬಾದಳು. "ಮಾಸ್ತರ, ನಾ ಭಾಳ ಬೈದೇನಿ ನಿಮಗ. ಆದರ ಆ ದಿನ ನಾ ಕುಣೀಲಿಲ್ರಿ" ಎಂದಳು. "ಕುಣೀಲಿಲ್ಲ, ಗೊತ್ತೈತಿ ಮೌಶಿ" ಎಂದು ಅವರು ಒಳಗೆ ಹೋದರು. ಸಲೀಂನ ಕೋಣೆಯಲ್ಲಿ ಅವರು ಏನು ಮಾತಾಡಿದರೋ ನಮಗೆ ಕೇಳಿಸಲಿಲ್ಲ. ನಾನು, ಮೌಶಿ ಇಬ್ಬರೂ ಅಂಗಳದಲ್ಲಿ ನಿಂತಿದ್ದೆವು. ಒಮ್ಮೆ ಸಲೀಂ ದನಿ ಏರಿಸಿದ್ದು ಕೇಳಿತು, ಆಮೇಲೆ ಅತ್ತದ್ದು ಕೇಳಿತು. ಹೊರಗೆ ಬಂದಾಗ ಅವನ ಹೆಗಲಿಗೆ ಚೀಲವಿತ್ತು. "ಅವ್ವಾ, ಸಂಜೀಕ ಬರ್ತೇನಿ" ಎಂದ. ಮೌಶಿ ಬಾಯಿಬಿಟ್ಟುಕೊಂಡು ನನ್ನ ಮುಖ ನೋಡಿದಳು.

ಮಾಸ್ತರರನ್ನು ನಾನು ನೋಡಿದ್ದು ಅದೇ ಕೊನೆ. ಆಮೇಲೆ ಮಗಳಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಅವರು ದಾಂಡೇಲಿಗೆ ಬರುವುದು ನಿಂತುಹೋಯಿತು. ಸಲೀಂ ಮಾತ್ರ ವಾರದ ರಜೆಗೆ ತಪ್ಪದೆ ಮಾಸ್ತರರ ಹಳ್ಳಿಗೆ ಹೋಗಿ ಆ ಹುಡುಗಿಯರಿಗೆ ಗೋಲು ಕಾಯುವುದನ್ನು ಕಲಿಸುತ್ತಾನೆ. ನಮ್ಮ ತಂಡಕ್ಕೆ ಇವತ್ತಿಗೂ ಅವನು ಮರಳಿಲ್ಲ, ಕೇಳುವ ಮುಖ ನಮಗೂ ಇಲ್ಲ.

ಆ ದಿನ ಜೋಯಿಡಾದ ಬಸ್ಸು ಹೊರಡಲು ಸಿದ್ಧವಾಗಿತ್ತು. ಮಾಸ್ತರರು ಕಾಲು ಚಾಚಲು ಜಾಗವಿರುವ ಮುಂದಿನ ಸೀಟಿನಲ್ಲಿ, ಪಕ್ಕದಲ್ಲಿ ಸಲೀಂ. ನಾನು ಕಿಟಕಿಯ ಹೊರಗೆ ನಿಂತಿದ್ದೆ. ಕಣ್ಣು ಇನ್ನೂ ಕೆಂಪಗಿದ್ದ ಸಲೀಂ ಕೇಳಿದ:

"ಮಾಸ್ತರ, ಅಲ್ಲೆ ಗೋಲಿನ ಕಂಬ ಅದಾವೇನ್ರಿ?"

"ಇಲ್ಲೋ. ಬಿದಿರು ಕಡದ ಇಟ್ಟೇನಿ. ಹೋಗಿ ಇಬ್ಬರೂ ಹುಗಿಯೂಣು."