ಅಳಿಸಿಹಾಕಿದ ಒಂದು ನೀರಿನ ಅಣು

ನನ್ನ ಕೆಲಸದಲ್ಲಿ ಕೈ ಕೊಳೆಯಾಗುವುದಿಲ್ಲ. ವಿಶಾಖಪಟ್ಟಣದ ದ್ವಾರಕಾ ನಗರದ ಎ.ಸಿ. ಕೋಣೆಯಲ್ಲಿ ಕೂತು, ರೋಗಕ್ಕೆ ಸಂಬಂಧಪಟ್ಟ ಪ್ರೋಟೀನಿನ ಚಿತ್ರವನ್ನು ಪರದೆಯ ಮೇಲೆ ತಿರುಗಿಸುವುದು, ಅದರ ಪೊಟರೆಯೊಳಗೆ ಯಾವ ಔಷಧದ ಅಣು ಗಟ್ಟಿಯಾಗಿ ಕೂರುತ್ತದೆಂದು ಕಂಪ್ಯೂಟರನ್ನು ಕೇಳುವುದು, ಅದು ಕೊಟ್ಟ ಅಂಕವನ್ನು ಮೇಲಿನವರಿಗೆ ಒಪ್ಪಿಸುವುದು. ಇಷ್ಟಕ್ಕೇ ನಮ್ಮನ್ನು ವಿಜ್ಞಾನಿಗಳು ಎನ್ನುತ್ತಾರೆ.

ಶುರು ಮಾಡುವ ಮುಂಚೆ ಒಂದು ಶಾಸ್ತ್ರವಿದೆ. ಪ್ರೋಟೀನಿನ ಚಿತ್ರದಲ್ಲಿ ಅಲ್ಲಲ್ಲಿ ನೀರಿನ ಅಣುಗಳು ಅಂಟಿಕೊಂಡಿರುತ್ತವೆ. ಅವನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಡುವುದು. ನನಗೆ ಕಲಿಸಿದವರು ಹಾಗೆ ಮಾಡುತ್ತಿದ್ದರು, ನಾನೂ ಕಣ್ಣು ಮುಚ್ಚಿಕೊಂಡು ಮಾಡಿದೆ. ನೀರು ಹೋದ ಜಾಗದಲ್ಲಿ ನನ್ನ ಅಣು ಎಷ್ಟು ಸೊಗಸಾಗಿ ಕೂತಿತೆಂದರೆ, ನಮ್ಮ ಮ್ಯಾನೇಜರ್ ಸ್ವೀಟ್ ಹಂಚಿದರು.

ಅದನ್ನು ನಿಜವಾಗಿ ತಯಾರಿಸುವ ಪಾಡು ನಮ್ಮ ವಿಜಯವಾಡದ ಲ್ಯಾಬಿನ ಹುಡುಗಿಯ ಪಾಲಿಗೆ ಬಂತು. ಅವಳ ಅಪ್ಪ ಹಾಸನದವರು, ಬ್ಯಾಂಕಿನ ವರ್ಗಾವಣೆಯಲ್ಲಿ ವಿಜಯವಾಡಕ್ಕೆ ಬಂದು ಅಲ್ಲಿನ ಭವಾನಿಪುರಂನಲ್ಲೇ ಉಳಿದುಬಿಟ್ಟವರು. ನಾನು ಕನ್ನಡದವನೆಂದು ಗೊತ್ತಾದಂದಿನಿಂದ ಫೋನಿನಲ್ಲಿ ಬಾಯ್ತುಂಬಾ ಅಣ್ಣಾ ಎನ್ನುತ್ತಿದ್ದಳು. ಈ ಅಣು ಕೈಹಿಡಿದರೆ ಅವಳ ಕೆಲಸ ಖಾಯಂ, ಇಲ್ಲವಾದರೆ ಮನೆ. ಏಳು ತಿಂಗಳು ಫ್ಲಾಸ್ಕುಗಳ ಮುಂದೆ ನಿಂತು ತಯಾರಿಸಿಯೇ ಬಿಟ್ಟಳು. ಪರೀಕ್ಷೆಗೆ ಇಟ್ಟರೆ, ಅದು ಪ್ರೋಟೀನಿನ ಹತ್ತಿರವೂ ಸುಳಿಯಲಿಲ್ಲ.

ಅನುಮಾನ ಬಂದು ನಾನು ಹಳೆಯ ಫೈಲು ತೆಗೆದೆ. ಅಳಿಸಿದ್ದರಲ್ಲಿ ಒಂದು ನೀರಿನ ಅಣು ಪೊಟರೆಯ ಬಾಗಿಲಲ್ಲೇ ಪ್ರೋಟೀನನ್ನು ಕಚ್ಚಿ ಹಿಡಿದಿತ್ತು. ಯಾರಿಗೂ ಜಾಗ ಬಿಟ್ಟುಕೊಡುವ ಪೈಕಿಯಲ್ಲ. ಅದನ್ನು ಉಳಿಸಿಕೊಂಡು ಮತ್ತೆ ಲೆಕ್ಕ ಹಾಕಿದರೆ ನನ್ನ ಅಣುವಿಗೆ ಕಾಲಿಡಲೂ ಜಾಗವಿರಲಿಲ್ಲ. ಮೊದಲ ದಿನವೇ ಒಂದು ಕಾಫಿ ಕುಡಿಯುವಷ್ಟು ಹೊತ್ತು ನೋಡಿದ್ದರೆ ತಿಳಿಯುತ್ತಿತ್ತು.

ಮೀಟಿಂಗಿನಲ್ಲಿ ಮ್ಯಾನೇಜರ್, "ಮಾಡೆಲ್ ಈಸ್ ಫೈನ್. ಸ್ಯಾಂಪಲ್ ಪ್ಯೂರ್‌ಗಾ ಲೇದು," ಎಂದು ತೆಲುಗಿನಲ್ಲಿ ತೀರ್ಪು ಕೊಟ್ಟರು. ಅಂದರೆ ನನ್ನ ಲೆಕ್ಕ ಸರಿ, ಅವಳು ಮಾಡಿದ್ದೇ ಕಲಬೆರಕೆ. ನಾನು ನೋಟ್‌ಬುಕ್ಕಿನಲ್ಲಿ ಏನೋ ಗೀಚುತ್ತಾ ಕೂತೆ. ಬಡ್ತಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಹೇಡಿ ಎಂಬ ಮಾತು ಇರುವುದೇ ನನ್ನಂಥವರಿಗೆ.

ಅವಳನ್ನು ತೆಗೆದರು. ಕಾಗದಪತ್ರಕ್ಕೆಂದು ವಿಶಾಖಪಟ್ಟಣಕ್ಕೆ ಬಂದಿದ್ದವಳನ್ನು ಸ್ಟೇಷನ್ನಿಗೆ ಬಿಡಲು ನಾನೇ ಹೋದೆ.

"ಬ್ಯಾಂಕ್ ಎಗ್ಸಾಮ್ ಬರಿ ಅಂತಿದಾರೆ ನಾನ್ನ," ಎಂದಳು. ಅಪ್ಪನನ್ನು ಅವಳು ತೆಲುಗಿನಲ್ಲೇ ನಾನ್ನ ಎನ್ನುತ್ತಿದ್ದಳು. "ಅಣ್ಣಾ, ನಾನು ನಾಲ್ಕು ಸಲ ಪ್ಯೂರಿಫೈ ಮಾಡಿದ್ದೆ ಕದಾ, ಅಲ್ವಾ? ನಿಜ ಹೇಳಿ. ನನ್ನ ಕೈಯೇ ಸರಿಯಿಲ್ವಾ?"

ರೈಲು ಬರಲು ಇನ್ನೂ ಹೊತ್ತಿತ್ತು. ಹೇಳಬಹುದಿತ್ತು.

"ಅನುಭವ ಸಾಲದು, ಅಷ್ಟೇ. ಬೇಜಾರು ಮಾಡ್ಕೋಬೇಡ," ಎಂದೆ.

ಅವಳು ದುಪಟ್ಟಾದ ಅಂಚಿನಲ್ಲಿ ಕಣ್ಣೊರೆಸಿಕೊಂಡಳು.

"ಮುಖಕ್ಕೆ ನಿಜ ಹೇಳಿದ್ದು ನೀವೊಬ್ರೇ ಅಣ್ಣಾ."