ಅತ್ತೆಯ ನಶ್ಯದ ಡಬ್ಬಿಯೂ ಒಂಟಿ ಸೀನೂ

ಚಿನ್ನದ ಗಣಿಯ ಊರಲ್ಲಿ ಹುಟ್ಟಿದವನಿಗೆ ಚಿನ್ನದ ಗುರುತು ತಾನಾಗಿಯೇ ಸಿಗುತ್ತದೆ ಎಂದು ಹೊರಗಿನವರು ನಂಬಿದ್ದಾರೆ. ನಂದಿದುರ್ಗ ಗಣಿಯ ಕೂಲಿ ಲೈನಿನ ಮನೆಯಲ್ಲೇ ಬೆಳೆದ ನನಗೆ ಇವತ್ತಿಗೂ ಚಿನ್ನ ಯಾವುದು, ಹಿತ್ತಾಳೆ ಯಾವುದು ತಿಳಿಯದು. ಮೇಲೆ ಬಂದ ಚಿನ್ನ ನಮ್ಮ ಕಣ್ಣಿಗೆ ಬಿದ್ದಿದ್ದರೆ ತಾನೇ? ನಮಗೆ ಕಂಡದ್ದು ಚಿನ್ನ ತೆಗೆದ ಮೇಲೆ ಸುರಿದ ಮಣ್ಣಿನ ಸೈನೈಡ್ ಗುಡ್ಡ ಮಾತ್ರ.

ಈ ಅಜ್ಞಾನದಿಂದ ಯಾರಿಗೂ ತೊಂದರೆಯಿರಲಿಲ್ಲ. ಈಗ ನಮ್ಮ ಮನೆಯಲ್ಲೇ ಇರುವ ನನ್ನ ಸೋದರತ್ತೆಯ ನಶ್ಯದ ಡಬ್ಬಿ ತಲೆ ಕೆಡಿಸಿದೆ. ಅಂಗೈಯಲ್ಲಿ ಅಡಗುವಷ್ಟು ಡಬ್ಬಿ. ಮುಚ್ಚಳದ ಮೇಲೆ ಗಾಜಿನಂತೆ ಹೊಳೆಯುವ ನೀಲಿ ಮೀನಾ ಬಣ್ಣದ ಕೆಲಸ, ನಡುವೆ ಬಿಳಿ ಹೂವು, ಸವೆದ ಅಂಚಿನಲ್ಲಿ ಹಳದಿ ಮಿನುಗು. ಗಣಿಯಲ್ಲಿದ್ದ ಮಾವ ತಂದುಕೊಟ್ಟದ್ದಂತೆ. ಎಲ್ಲಿಂದ ಎಂದರೆ ಅತ್ತೆ ಒಂದು ಸಲ "ಬಿಳೀ ದೊರೆ ಬಂಗ್ಲೆ ಸಾಮಾನು ಅರಾಜ್ ಆಕ್ದಾಗ" ಎನ್ನುತ್ತಾಳೆ, ಇನ್ನೊಂದು ಸಲ "ಬಂಗಾರ್‌ಪೇಟೆ ಸಂತೇಲಿ". ಎರಡನ್ನೂ ಅಷ್ಟೇ ಖಚಿತವಾಗಿ ಹೇಳುತ್ತಾಳೆ.

ಮೊಬೈಲಿನಲ್ಲಿ ಹುಡುಕಿದೆ, ಗೊಂದಲ ಹೆಚ್ಚಿದ್ದೇ ಅಲ್ಲಿ. ಹಿಂದೆ ಪ್ಯಾರಿಸ್ಸಿನ ಅಕ್ಕಸಾಲಿಗರು ಶ್ರೀಮಂತರ ಮೂಗಿನ ಸಲುವಾಗಿ ಚಿನ್ನದ ಡಬ್ಬಿ ಮಾಡುತ್ತಿದ್ದರಂತೆ. ತಗಡು ಬಡಿಯುವವನೊಬ್ಬ, ಮೀನಾ ಬೇಯಿಸುವವನೊಬ್ಬ, ಚಿತ್ರ ಬರೆಯುವವನು ಇನ್ನೊಬ್ಬ. ಮುಚ್ಚಳದ ಕೀಲು ಎಲ್ಲಿದೆ ಎಂದೇ ಕಾಣದಂತೆ ಕೂಡಿಸಿ, ಒಳಗೆ ಕಿರೀಟದ ಮುದ್ರೆ ಒತ್ತುತ್ತಿದ್ದರಂತೆ. ಇಷ್ಟೆಲ್ಲ ಒಂದು ಸೀನಿಗಾಗಿ. ಅತ್ತೆಯ ಡಬ್ಬಿಯೊಳಗೂ ಒಂದು ಗುರುತಿದೆ. ಬೆಳಗ್ಗೆ ಕಿರೀಟದಂತೆ, ಸಂಜೆ ಹುಂಜದಂತೆ ಕಾಣುತ್ತದೆ. ಕನ್ನಡಕ ಒರೆಸಿಕೊಂಡರೆ ಬರೀ ತಗ್ಗು.

ಆಂಡರ್ಸನ್‌ಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ಆಚಾರಿಯನ್ನು ಕೇಳಿದೆ. "ಮೇಲೆ ಚಿನ್ನದ್ ನೀರು ಕೊಟ್ಟಿರ್ಬೋದು ಸಾರ್. ತಂದ್ಕೊಡಿ, ಕೆರೆದು ಒರೆಗಲ್ಲಿಗೆ ಉಜ್ಜಿದ್ರೇನೇ ಗೊತ್ತಾಗೋದು. ಮೀನಾ ಉದುರಿದ್ರೆ ನನ್ನ ಕೇಳ್ಬೇಡಿ" ಎಂದ.

ಚಿನ್ನವಾದರೆ ಲಾಕರಿಗೆ, ಹಿತ್ತಾಳೆಯಾದರೆ ಗುಜರಿಗೆ, ಅತ್ತೆಗೊಂದು ಪ್ಲಾಸ್ಟಿಕ್ ಡಬ್ಬಿ ಎಂದು ನನ್ನ ಹೆಂಡತಿ ತೀರ್ಪು ಕೊಟ್ಟಳು. ಅತ್ತೆ ಕೇಳಿಸಿಕೊಂಡಳು. ನನಗೆ ಸಂಕಟವಾಯಿತು. ಮಾವ ಹೋದ ಮೇಲೂ ಆ ಡಬ್ಬಿ ಅವಳ ಸೊಂಟ ಬಿಟ್ಟದ್ದಿಲ್ಲ. ಚಿನ್ನವಾದರೂ ಹಿತ್ತಾಳೆಯಾದರೂ ಕಳೆದುಕೊಳ್ಳುವವಳು ಅವಳೇ.

ಆದರೂ ಮೊನ್ನೆ ಆಚಾರಿಯಲ್ಲಿಗೆ ಹೊರಟೆ. ಹೊಸ್ತಿಲಲ್ಲಿ ಅತ್ತೆ ಡಬ್ಬಿಯನ್ನು ನನ್ನ ಕೈಗಿಡುವ ಮೊದಲು ಮುಚ್ಚಳ ತೆಗೆದು ಚಾಚಿದಳು.

"ಒಂದ್ ಚಿಟಿಕೆ ಏರಿಸ್ಕಂಡ್ ಓಗ್ಲಾ. ತಲೆ ಅಗುರಾಗ್ತದೆ."

ತಲೆ ಭಾರವಾಗಿದ್ದದ್ದು ನಿಜ, ಏರಿಸಿದೆ. ಮನೆ ಅದುರುವಂತೆ ಸೀನು ಬಂತು. ಒಂದೇ ಒಂದು. ಹೊರಡುವಾಗ ಜೋಡಿ ಸೀನಾದರೆ ಶುಭ, ಒಂಟಿ ಸೀನಾದರೆ ಅಪಶಕುನ ಎಂಬುದು ನಮ್ಮ ಮನೆಯ ಕಾನೂನು. ಎರಡನೆಯದಕ್ಕಾಗಿ ಬಾಯಿ ತೆರೆದು ಕಾದೆ. ಅದು ಮೂಗಿನವರೆಗೆ ಬಂದು ಮನಸ್ಸು ಬದಲಿಸಿತು.

"ಒಂಟಿ ಸೀನು. ಇವತ್ತು ಓಗ್ಬಾರ್ದು ಕಣ್ಲಾ, ಚಪ್ಲಿ ಬಿಡು" ಎಂದು ಅತ್ತೆ ಡಬ್ಬಿ ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನಾಳೆ ಮತ್ತೆ ಹೊರಡಬಹುದು. ಅತ್ತೆ ಮತ್ತೆ ಮುಚ್ಚಳ ತೆಗೆಯುತ್ತಾಳೆ, ನಾನು ಬೇಡ ಎನ್ನಲಾರೆ. ಡಬ್ಬಿ ಯಾವುದರದ್ದೆಂದು ಇನ್ನೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ಎಲ್ಲಿ ಎರಡನೇ ಸೀನು ಬಂದುಬಿಡುತ್ತದೋ ಎಂದು ನನಗೀಗ ಭಯ.